ನಾಯಿ ಕಚ್ಚಿದ್ದು ಕಾಲಿಗೆ, ರೋಗ ಮಿದುಳಿಗೆ

ಪ್ರಶ್ನೆ: ನಾಯಿ ಕಚ್ಚಿದ್ದು ಕಾಲಿಗೆ, ರೇಬೀಸ್ ಬರುವುದು ಮಿದುಳಿಗೆ, ಅದೂ ತಿಂಗಳುಗಳ ಮೇಲೆ. ವೈರಸ್‌ಗೆ ಈಜಲು ಬಾಲವೂ ಇಲ್ಲ. ರಕ್ತದಲ್ಲಿ ಹೋಗುವುದಾದರೆ ಇಷ್ಟು ತಡವೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ಅದು ಹೋಗುವುದು ರಕ್ತದಲ್ಲಲ್ಲ, ನರದೊಳಗೆ.

ರೇಬೀಸ್ ವೈರಸ್ ಸುಮಾರು 180 ನ್ಯಾನೊಮೀಟರ್ ಉದ್ದ, 75 ನ್ಯಾನೊಮೀಟರ್ ಅಗಲ (ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು). ಜೊಲ್ಲಿನ ಜೊತೆ ಗಾಯಕ್ಕಿಳಿದು, ನರವು ಸ್ನಾಯುವನ್ನು ಸೇರುವಲ್ಲಿ ನರತುದಿಗೆ ಅಂಟಿಕೊಳ್ಳುತ್ತದೆ. ನರತುದಿ ಅದನ್ನು ಪೊರೆಯ ಪುಟ್ಟ ಚೀಲದಲ್ಲಿ ಸುತ್ತಿ ಒಳಗೆಳೆದುಕೊಳ್ಳುತ್ತದೆ. ಆ ನರಕೋಶದ ಒಡಲು ಇರುವುದು ಬೆನ್ನುಹುರಿಯಲ್ಲಿ, ಮಿದುಳಿಗೆ ದಾರಿ ಅಲ್ಲಿಂದಲೇ. ಪಾದದಿಂದ ಅಲ್ಲಿಗೆ ಹೆಚ್ಚುಕಮ್ಮಿ ಒಂದು ಮೀಟರ್. ಕೋಶದೊಳಗೆ ಪ್ರೋಟೀನು, ನಾರುಗಳು ಕಿಕ್ಕಿರಿದಿರುತ್ತವೆ. ಈ ಗಾತ್ರದ ಕಣ ತಾನಾಗಿ ತೇಲಿಕೊಂಡು ಅಷ್ಟು ದೂರ ಹೋಗುವುದು ಮನುಷ್ಯನ ಆಯುಷ್ಯದಲ್ಲಿ ಆಗದ ಮಾತು.

ಹಾಗಾಗಿ ಕೋಶದ ಸ್ವಂತ ಸಾಗಣೆಯೇ ಅದಕ್ಕೆ ಗತಿ. ನರತಂತುವಿನುದ್ದಕ್ಕೂ 25 ನ್ಯಾನೊಮೀಟರ್ ದಪ್ಪದ ಟೊಳ್ಳು ನಳಿಕೆಗಳಿವೆ, ಹೆಸರು ಮೈಕ್ರೊಟ್ಯೂಬ್ಯೂಲ್. ಇವುಗಳೇ ಹಳಿ. ಪ್ರತಿ ನಳಿಕೆಗೂ ಪ್ಲಸ್, ಮೈನಸ್ ಎಂಬ ಎರಡು ತುದಿ. ನರತಂತುವಿನಲ್ಲಿ ಎಲ್ಲ ಪ್ಲಸ್ ತುದಿಗಳೂ ಹೊರಮುಖವಾಗಿರುತ್ತವೆ. ಕೈನೆಸಿನ್ ಎಂಬ ಮೋಟಾರ್ ಪ್ರೋಟೀನು ಪ್ಲಸ್ ಕಡೆಗೆ, ಅಂದರೆ ಒಡಲಿನಿಂದ ಆಚೆಗೆ, ಸರಕು ಹೊರುತ್ತದೆ. ಡೈನೀನ್ ಮೈನಸ್ ಕಡೆಗೆ, ಒಡಲಿನತ್ತ. ಕೋಶದ ಇಂಧನವಾದ ಎಟಿಪಿ ಖರ್ಚುಮಾಡಿ ಒಂದೊಂದು ಹೆಜ್ಜೆಗೆ ಸಾಮಾನ್ಯವಾಗಿ 8 ನ್ಯಾನೊಮೀಟರ್ ಸಾಗುತ್ತವೆ. ರೇಬೀಸ್ ಇರುವ ಚೀಲವನ್ನು ಹೊರುವುದು ಡೈನೀನ್. ವೈರಸ್ ದಾರಿ ಹುಡುಕುವುದೇ ಇಲ್ಲ, ಸರಿಯಾದ ಮೋಟಾರಿಗೆ ಸಿಕ್ಕಿಕೊಂಡರೆ ಸಾಕು.

ವೇಗ ದಿನಕ್ಕೆ ಸುಮಾರು 50ರಿಂದ 100 ಮಿಲಿಮೀಟರ್. ಈ ಲೆಕ್ಕದಲ್ಲಿ ಪಾದದಿಂದ ಬೆನ್ನುಹುರಿಗೆ 10ರಿಂದ 20 ದಿನ. ಆದರೂ ಲಕ್ಷಣ ಕಾಣುವುದು ಸಾಮಾನ್ಯವಾಗಿ 2–3 ತಿಂಗಳಿಗೆ, ಏಕೆಂದರೆ ನರ ಹತ್ತುವ ಮೊದಲು ವೈರಸ್ ಕಚ್ಚಿದ ಜಾಗದ ಸ್ನಾಯುವಿನಲ್ಲೇ ಕೆಲಕಾಲ ಉಳಿದಿರಬಲ್ಲದು. ಮುಖಕ್ಕೆ ಕಚ್ಚಿದರೆ ದಾರಿಯೇ ಗಿಡ್ಡ, ಅವಧಿಯೂ ಕಡಿಮೆ.

ಚಿಕಿತ್ಸೆಯೆಲ್ಲ ನರ ಹತ್ತುವ ಮುಂಚಿನ ಈ ಬಿಡುವನ್ನು ನಂಬಿದೆ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ವೈರಸ್ಸಿನ ಕೊಬ್ಬಿನ ಹೊದಿಕೆ ಸೋಪಿಗೆ ಕರಗುತ್ತದೆ. ಅರಿಸಿನ, ಸುಣ್ಣ, ಖಾರದಪುಡಿ ಬೇಡವೇ ಬೇಡ. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ, ಕೂಡ ಬೇಕು: ಮಾನವಮೂಲದ್ದು ಕಿಲೋ ತೂಕಕ್ಕೆ 20 ಅಂತಾರಾಷ್ಟ್ರೀಯ ಯೂನಿಟ್, ಕುದುರೆಮೂಲದ್ದು 40. ಇದನ್ನು ಗಾಯದ ಒಳಗೂ ಸುತ್ತಲೂ ತುಂಬಬೇಕು. ಗಾಯ ಬಿಟ್ಟು ಪೃಷ್ಠಕ್ಕೆ ಚುಚ್ಚಿ ಕಳಿಸಿದರೆ ವೈರಸ್ ಇರುವಲ್ಲಿಗೆ ಅದು ಸಾಕಷ್ಟು ತಲಪುವುದಿಲ್ಲ. ಚರ್ಮದೊಳಗಿನ ಲಸಿಕೆ 0, 3, 7, 28ನೇ ದಿನ, ಪ್ರತಿ ಸಲ ಎರಡು ಕಡೆ 0.1 ಮಿಲಿಲೀಟರ್. ಲಸಿಕೆಯಿಂದ ದೇಹ ತಾನೇ ಪ್ರತಿಕಾಯ ತಯಾರಿಸಲು ವಾರದ ಮೇಲಾಗುತ್ತದೆ. ಅಲ್ಲಿಯವರೆಗೆ ಕಾಪಾಡುವುದು ಇಮ್ಯುನೊಗ್ಲಾಬ್ಯುಲಿನ್. ನರದೊಳಗೆ, ಚೀಲದಲ್ಲಿ ಕೂತ ವೈರಸ್ಸನ್ನು ಹೊರಗಿನ ಪ್ರತಿಕಾಯ ಮುಟ್ಟಲಾರದು.

ಪ್ರಶ್ನೆ: ಹಾಗಾದರೆ ಆ ಸಾಗಣೆಯನ್ನೇ ನಿಲ್ಲಿಸುವ ಔಷಧಿ ಕೊಡಬಾರದೇ?
– ಬಿಎಸ್‌ಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪ್ರಯೋಗಾಲಯದಲ್ಲಿ ನಿಲ್ಲಿಸಿ ನೋಡಿದ್ದಾರೆ. ಗೌಟ್ ಎಂಬ ಕೀಲುಬೇನೆಗೆ ಕೊಡುವ ಕಾಲ್ಚಿಸಿನ್ ಮೈಕ್ರೊಟ್ಯೂಬ್ಯೂಲ್‌ಗಳನ್ನು ಕೆಡಿಸುತ್ತದೆ. ನರಕ್ಕೆ ಹಾಕಿದಾಗ ರೇಬೀಸ್ ಸಾಗಣೆ ತಡೆಯಿತು. ಆದರೆ ನರಕೋಶ ಬದುಕಿರುವುದೇ ಅದೇ ಹಳಿಗಳ ಮೇಲೆ, ಕೋಶವಿಭಜನೆಗೂ ಅವು ಬೇಕು. ಇಡೀ ದೇಹದಲ್ಲಿ ಸಾಗಣೆ ನಿಲ್ಲಿಸುವಷ್ಟು ಕೊಟ್ಟರೆ ರೋಗಿ ಔಷಧಿಯಿಂದಲೇ ಸಾಯುತ್ತಾರೆ.

ಪ್ರಶ್ನೆ: ಜ್ವರ ಬಂದಾಗಲೆಲ್ಲ ತುಟಿಯ ಅದೇ ಮೂಲೆಯಲ್ಲಿ ಗುಳ್ಳೆ ಏಳುತ್ತದೆ. ಏಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಬಹುಪಾಲು ಇದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸಿನ ಕೆಲಸ. ಮೊದಲ ಸೋಂಕಿನಲ್ಲಿ ತುಟಿಯ ನರದಿಂದ ಡೈನೀನ್ ಮೂಲಕ ತಲೆಬುರುಡೆಯ ಬುಡದ ನರಗಂಟಿಗೆ ಹೋಗಿ, ಅಲ್ಲಿನ ಕೋಶಕೇಂದ್ರದಲ್ಲಿ ಡಿಎನ್‌ಎ ಇಳಿಸಿ ಸುಮ್ಮನಿರುತ್ತದೆ. ಜ್ವರ, ಬಿಸಿಲು, ದಣಿವು ಅದನ್ನು ಕೆಣಕಿದರೆ ಹೊಸ ವೈರಸ್ಸುಗಳು ಕೈನೆಸಿನ್ ಹಿಡಿದು ಅದೇ ತಂತುವಿನಲ್ಲಿ ಹೊರಬರುತ್ತವೆ. ತಂತು ಒಂದೇ ಆದ್ದರಿಂದ ಮೂಲೆಯೂ ಹೆಚ್ಚಾಗಿ ಅದೇ. ಅಸೈಕ್ಲೊವಿರ್ ಎಂಬ ಔಷಧಿ ವೈರಸ್ಸಿನ ಡಿಎನ್‌ಎ ನಕಲಾಗುವುದನ್ನು ತಡೆಯುತ್ತದೆ. ಚುರುಗುಟ್ಟಲು ಶುರುವಾದ ಕೂಡಲೇ ವೈದ್ಯರ ಸಲಹೆಯಂತೆ ತೆಗೆದುಕೊಂಡರೆ ಗುಳ್ಳೆ ಬೇಗ ಮಾಯುತ್ತದೆ. ನರಗಂಟಿನಲ್ಲಿ ಮಲಗಿರುವುದನ್ನು ಮಾತ್ರ ಅದು ತೆಗೆಯಲಾರದು.