ಛೇದದಲ್ಲಿರುವ ಬೆಳವಣಿಗೆ ಎಲ್ಲಿಂದ ಬಂತು?

ಮಾನ್ಯರೇ,

ಆರೋಗ್ಯ ವಲಯದ ಎಂಟು ಷೇರುಗಳನ್ನು ಪಿಇಜಿ ಅನುಪಾತದ ಮೂಲಕ ಹೋಲಿಸಿರುವ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಕೈಬಿಡಲು ಮನಸ್ಸಾಗದಷ್ಟು ಸತ್ವ ಅದರಲ್ಲಿರುವುದರಿಂದ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಭಾಷೆ ತಿಳಿಯಾಗಿದೆ. ಪಿಇಯನ್ನು, ಅಂದರೆ ಷೇರಿನ ಬೆಲೆ ಅದರ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬ ಅಳತೆಯನ್ನು, ಲಾಭದ ಬೆಳವಣಿಗೆಯ ದರದಿಂದ ಭಾಗಿಸಿ ಪಿಇಜಿ ತೆಗೆಯುವ ಕ್ರಮವನ್ನು ಹೊಸ ಹೂಡಿಕೆದಾರರಿಗೂ ಅರ್ಥವಾಗುವಂತೆ ವಿವರಿಸಿದ್ದೀರಿ.

ತೊಡಕಿರುವುದು ಛೇದದಲ್ಲಿ, ಅಂದರೆ ನೀವು ಭಾಗಿಸುವ ಆ ಬೆಳವಣಿಗೆಯ ದರದಲ್ಲಿ. ಅಮೆರಿಕದ ಹೂಡಿಕೆ ನಿರ್ವಾಹಕ ಪೀಟರ್ ಲಿಂಚ್ ಜನಪ್ರಿಯಗೊಳಿಸಿದ ಈ ಅಳತೆಯಲ್ಲಿ 1ಕ್ಕಿಂತ ಕಡಿಮೆ ಬಂದರೆ ಷೇರು ಅಗ್ಗ ಎಂದು ಬರೆದಿದ್ದೀರಿ. ಆ ಬೆಳವಣಿಗೆ ಮುಂದೆಯೂ ಉಳಿದರೆ ಮಾತ್ರ ಆ ಮಾತು ನಿಲ್ಲುತ್ತದೆ ಎಂಬುದನ್ನು ಎಲ್ಲಿಯೂ ಹೇಳಿಲ್ಲ. ಪಿಇ 24 ಇರುವ ಕಂಪನಿ ವರ್ಷಕ್ಕೆ ಶೇ 30ರಷ್ಟು ಬೆಳೆದರೆ ಪಿಇಜಿ 0.8, ಬೆಳವಣಿಗೆ ಶೇ 8ಕ್ಕೆ ಇಳಿದರೆ, ಬೆಲೆ ಒಂದು ಪೈಸೆಯೂ ಬದಲಾಗದೆ ಅದು 3 ಆಗುತ್ತದೆ.

ನಿಮ್ಮ ಪಟ್ಟಿಯನ್ನೇ ನೋಡೋಣ. 2020-21ನ್ನು ಆಧಾರ ವರ್ಷವಾಗಿಟ್ಟು ಅಲ್ಲಿಂದೀಚಿನ ಸರಾಸರಿ ಬೆಳವಣಿಗೆ ತೆಗೆದಿದ್ದೀರಿ. ಬೆಂಗಳೂರಿನ ನಾರಾಯಣ ಹೃದಯಾಲಯದ ಮುಂದೆ ಒಂದು ಅಡ್ಡಗೆರೆ ಎಳೆದು ಮುಂದಿನ ಸಾಲಿಗೆ ಹೋಗಿದ್ದೀರಿ. ಅಪೋಲೊ ಹಾಸ್ಪಿಟಲ್ಸ್ ಪಟ್ಟಿಯ ತಲೆಯಲ್ಲಿ ನಿಂತಿದೆ. ಆ ಅಡ್ಡಗೆರೆಯ ಕಾರಣವನ್ನು ಓದುಗರಿಗೆ ಹೇಳಬೇಕಿತ್ತು. ನಾರಾಯಣ ಆ ವರ್ಷ ಸುಮಾರು 14 ಕೋಟಿ ರೂಪಾಯಿ ನಷ್ಟ ಕಂಡು ಮರುವರ್ಷ ಸುಮಾರು 342 ಕೋಟಿ ಲಾಭ ಗಳಿಸಿತು. ನಷ್ಟದಿಂದ ಲಾಭಕ್ಕೆ ಬಂದದ್ದನ್ನು ಶೇಕಡಾವಾರಿನಲ್ಲಿ ಹೇಳಲಾಗದು. ಅಪೋಲೊದ ಲಾಭ ಅದೇ ಅವಧಿಯಲ್ಲಿ ಸುಮಾರು 150 ಕೋಟಿಯಿಂದ 1,056 ಕೋಟಿಗೆ ಏರಿತು. ಲಾಕ್‌ಡೌನ್‌ನಲ್ಲಿ ಮುಂದೂಡಿದ ಶಸ್ತ್ರಚಿಕಿತ್ಸೆಗಳಿಂದಾಗಿ ಆಧಾರ ವರ್ಷವೇ ಕುಸಿದಿತ್ತು. ಒಂದೇ ಕಾರಣ ಒಂದು ಕಂಪನಿಯನ್ನು ನಿಮ್ಮ ಪಟ್ಟಿಯಿಂದ ಹೊರಗಿಟ್ಟು ಇನ್ನೊಂದನ್ನು ಮೊದಲ ಸ್ಥಾನಕ್ಕೇರಿಸಿದೆ. ನಿಮ್ಮ ಲೇಖನದ ನಿಜವಾದ ವಿಷಯ ಆ ಅಡ್ಡಗೆರೆಯಲ್ಲೇ ಇದೆ ಎಂದು ನನಗೆ ಅನ್ನಿಸಿತು.

ಔಷಧ ಕಂಪನಿಗಳಲ್ಲಿ ತೊಡಕು ಬೇರೆಯದು: ಅಲ್ಲಿ ಬೆಳವಣಿಗೆಗೇ ಅವಧಿ ಮುಗಿಯುವ ದಿನಾಂಕವಿರಬಹುದು. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಕೊಡುವ ಲೆನಾಲಿಡೊಮೈಡ್‌ನ ಜೆನೆರಿಕ್ ರೂಪವನ್ನು (ಮೂಲ ಔಷಧದ ಅಗ್ಗದ ಪ್ರತಿಯನ್ನು) ಡಾ. ರೆಡ್ಡೀಸ್ ಮತ್ತು ಸಿಪ್ಲಾದಂತಹ ಕಂಪನಿಗಳು ಅಮೆರಿಕದಲ್ಲಿ 2022ರಿಂದ ಮಾರತೊಡಗಿದವು; ಆದರೆ ಪೇಟೆಂಟ್ ಒಪ್ಪಂದದ ಪ್ರಕಾರ 2026ರ ಜನವರಿ 31ರವರೆಗೆ ನಿಗದಿತ ಪ್ರಮಾಣದಲ್ಲಿ ಮಾತ್ರ ಮಾರಲು ಅವಕಾಶವಿತ್ತು. ಎಲ್ಲರ ಪಾಲೂ ಮಿತವಾಗಿದ್ದಾಗ ಬೆಲೆ ಏರಿಯೇ ಇರುತ್ತದೆ, ಆ ಮಿತಿ ತೆರವಾದ ಮೇಲೆ ಪೈಪೋಟಿಯಲ್ಲಿ ಬೆಲೆ ಇಳಿಯುತ್ತದೆ. ಈ ದಿನಾಂಕ ಮೊದಲೇ ಮಾರುಕಟ್ಟೆಗೆ ಗೊತ್ತಿದ್ದುದರಿಂದ ಇಂತಹ ಷೇರುಗಳಿಗೆ ಕಡಿಮೆ ಪಿಇ ಸಿಗುವುದು ಸಹಜ. ಕಡಿಮೆ ಪಿಇಯನ್ನು ಉಬ್ಬಿದ ಬೆಳವಣಿಗೆಯಿಂದ ಭಾಗಿಸಿದಾಗ ಷೇರು ಎರಡೂ ಕಾರಣಗಳಿಂದ ಅಗ್ಗವಾಗಿ ಕಾಣುತ್ತದೆ. ನಿಮ್ಮ ಲೇಖನವನ್ನು ನಂಬಿ ಉಳಿತಾಯದ ಹಣ ಹಾಕುವವರೂ ಇರುತ್ತಾರೆ. ಅವರಿಗೆ ಈ ದಿನಾಂಕ ತಿಳಿಯಲೇಬೇಕು.

ಆಸ್ಪತ್ರೆ ಮತ್ತು ಔಷಧ ಕಂಪನಿಗಳನ್ನು ಒಂದೇ ಪಟ್ಟಿಯಲ್ಲಿ ಕೂರಿಸಿದ್ದೂ ಸರಿಯಲ್ಲ. ಹೊಸ ಆಸ್ಪತ್ರೆಯ ಮೊದಲ ವರ್ಷಗಳಲ್ಲಿ ಹಾಸಿಗೆಗಳು ತುಂಬುವ ಮೊದಲೇ ಸವಕಳಿ (ಕಟ್ಟಡ, ಯಂತ್ರಗಳ ಮೌಲ್ಯದ ಇಳಿಕೆ) ಮತ್ತು ಬಡ್ಡಿ ಲಾಭವನ್ನು ತಿನ್ನುವುದರಿಂದ ಪಿಇ ವಿಪರೀತ ಏರಿ ಕಾಣುತ್ತದೆ.

ತಿದ್ದುವಾಗ ಎಂಟು ಕಂಪನಿಗಳನ್ನು ಮೂರಕ್ಕೆ ಇಳಿಸಿ, ಮೂರೂ ಒಂದೇ ಬಗೆಯ ವ್ಯವಹಾರದವಾಗಿರಲಿ. ಪ್ರತಿಯೊಂದಕ್ಕೂ ಬೆಳವಣಿಗೆಯ ಆಧಾರ ವರ್ಷವನ್ನು, ಆ ಬೆಳವಣಿಗೆ ಯಾವ ಔಷಧದಿಂದ ಅಥವಾ ಎಷ್ಟು ಹೊಸ ಹಾಸಿಗೆಗಳಿಂದ ಬಂತೆಂಬುದನ್ನು ವಾರ್ಷಿಕ ವರದಿ ನೋಡಿ ಬರೆಯಿರಿ. ಆ ಅಡ್ಡಗೆರೆಯ ಕಥೆಯಿಂದಲೇ ಲೇಖನ ಆರಂಭವಾಗಲಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ