ತಾಮ್ರ ಜಾಸ್ತಿ, ಜಿಂಕ್ ಕಡಿಮೆ ಬಂದಿದ್ದಕ್ಕೆ

ಕೀಮೋ ನಡೆಯುತ್ತಿರುವ ನಿಮ್ಮ ತಾಯಿಯ ರಕ್ತದಲ್ಲಿ ತಾಮ್ರ ಜಾಸ್ತಿ, ಜಿಂಕ್ ಕಡಿಮೆ ಬಂದಿರುವುದು ಹೆಚ್ಚಾಗಿ ಉರಿಯೂತದ ಗುರುತು, ಊಟದ ತಪ್ಪಲ್ಲ. ಉರಿಯೂತ ಇದ್ದಾಗ ಲಿವರ್, ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತದೆ; ಜಿಂಕನ್ನು ರಕ್ತದಿಂದ ತನ್ನೊಳಗೆ ಎಳೆದುಕೊಳ್ಳುತ್ತದೆ. ಗಡ್ಡೆ, ಸೋಂಕು, ಆಪರೇಷನ್ ಯಾವುದರಿಂದಲೂ ಹೀಗಾಗಬಹುದು. ಹೊಸ ರಕ್ತನಾಳ ಬೆಳೆಸಿಕೊಳ್ಳಲು ಗಡ್ಡೆಗೆ ತಾಮ್ರ ಬೇಕು, ನಿಜ. ಆದರೆ ತಾಮ್ರದಿಂದಲೇ ಕ್ಯಾನ್ಸರ್ ಬಂತು ಅಂತ ಈ ರಿಪೋರ್ಟ್ ನೋಡಿ ಹೇಳಲಾಗದು.

ಮೊದಲು, ನೀವೇ ಶುರು ಮಾಡಿರುವ 50 ಮಿಲಿಗ್ರಾಂ ಜಿಂಕ್ ಮಾತ್ರೆಯ ವಿಷಯ ಇವತ್ತೇ ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿ. ಅವರು ಹೇಳುವ ತನಕ ಕೊಡಬೇಡಿ. ತಿಂಗಳುಗಟ್ಟಲೆ ಇಷ್ಟು ತಗೊಂಡರೆ ದೇಹ ತಾಮ್ರ ಹೀರುವುದು ತಗ್ಗಿ, ಬಿಳಿ ರಕ್ತಕಣ ಇಳಿಯಬಹುದು. ಕೀಮೋದಲ್ಲಿ ಅದು ಮೊದಲೇ ಇಳಿದಿರುತ್ತದೆ, ಅಲ್ವಾ? ನಾನೂ ಅಣ್ಣನಿಗೆ ಸುಮ್ನೆ ಕೊಟ್ಟು ಡಾಕ್ಟರ ಹತ್ತಿರ ಬೈಸಿಕೊಂಡಿದ್ದೆ.

ಆಮೇಲೆ ಸಿಆರ್‌ಪಿ (ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಆಲ್ಬುಮಿನ್ (ರಕ್ತದಲ್ಲಿ ಜಿಂಕ್ ಹೊರುವ ಪ್ರೋಟೀನ್), ಸೆರುಲೋಪ್ಲಾಸ್ಮಿನ್ ಒಟ್ಟಿಗೆ ಮಾಡಿಸಬೇಕಾ ಅಂತ ಕೇಳಿ. ಸಿಆರ್‌ಪಿ ಏರಿದ್ದರೆ ಜಿಂಕ್ ಕೊರತೆ ನಿಜವೋ ಅಲ್ಲವೋ ಹೇಳುವುದು ಕಷ್ಟ. ಅದು ಇಳಿದ ಮೇಲೆ ಮತ್ತೆ ಟೆಸ್ಟ್ ಮಾಡಿಸಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ಹೊರಗಿನ ಲೋಹ ಬೆರೆಯದಂತೆ ಮಾಡಿದ ಟ್ರೇಸ್ ಮೆಟಲ್ ಟ್ಯೂಬಿನಲ್ಲೇ ರಕ್ತ ತೆಗೆಯಲು ಹೇಳಿ. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಿಂದಲೂ ಜಿಂಕ್ ಸೇರಿ ಲೆಕ್ಕ ತಪ್ಪಬಹುದು.