ಮಸುಕಾಗುವ ಗೂಬೆ ಫೋಟೋ: ಮೊದಲು ಶಟರ್ ನೋಡಿ

ಮುಸ್ಸಂಜೆಯಲ್ಲಿ ಬೇಲಿ ಕಂಬದ ಮೇಲೆ ಕೂತ ಗೂಬೆ 400 ಎಂಎಂ ಲೆನ್ಸಿನಲ್ಲೂ ಮಸುಕಾಗಿ ಬರುತ್ತದೆ ಅಂದಿದ್ದೀರಿ. ಬಹುಶಃ ಶಟರ್ (ಬೆಳಕನ್ನು ಒಳಬಿಡಲು ಕ್ಯಾಮೆರಾದಲ್ಲಿ ತೆರೆದು ಮುಚ್ಚುವ ಪರದೆ) ನಿಧಾನವಾಗಿರುವುದೇ ಕಾರಣ. ಹೊಸ ಲೆನ್ಸಿನ ಖರ್ಚು ಈಗಲೇ ಬೇಡ. ಫೋಟೋ ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಪೂರ್ತಿ ಹಿಗ್ಗಿಸಿದರೆ ನಿಮಗೇ ಗೊತ್ತಾಗುತ್ತದೆ: ಕಂಬದ ಬಿರುಕು ಸ್ಪಷ್ಟವಾಗಿದ್ದು ಮುಖ ಮಾತ್ರ ಕಲಸಿದ್ದರೆ ಗೂಬೆ ತಲೆ ಆಡಿಸಿದೆ. ಎಲ್ಲವೂ ಕಲಸಿದ್ದರೆ ಕ್ಯಾಮೆರಾ ಅಲುಗಿದೆ. ಹಿಂದಿನ ಹುಲ್ಲು ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ.

ಕಾರಿನೊಳಗಿಂದಲೇ ತೆಗೆಯಿರಿ, ಇಳಿದರೆ ಹಾರಿಬಿಡುತ್ತದೆ. ಎಂಜಿನ್ ಆಫ್ ಮಾಡಿ. ಅದರ ನಡುಕ ಲೆನ್ಸಿಗೂ ಬರುತ್ತದೆ. ಕಿಟಕಿ ಅಂಚಿಗೆ ಕಾಳು ತುಂಬಿದ ಚೀಲವಿಟ್ಟು ಅದರ ಮೇಲೆ ಲೆನ್ಸ್ ಕೂರಿಸಿ. ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು, ಶಟರ್ 1/250 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಿಂದ 6400. ನಾಯ್ಸ್ (ಚಿತ್ರದಲ್ಲಿ ಮರಳಿನಂಥ ಚುಕ್ಕೆಗಳು) ಬರುತ್ತದೆ, ಬರಲಿ. ಅದನ್ನು ಆಮೇಲೆ ತಗ್ಗಿಸಬಹುದು, ಅಲುಗಾಟ ಸರಿಪಡಿಸುವುದು ಕಷ್ಟ. ಒಂದೇ ಫೋಕಸ್ ಬಿಂದುವನ್ನು ಕಣ್ಣಿನ ಮೇಲಿಡಿ. ದೂರ ಅಳೆಯಲು ಗೂಬೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಅದು ನಿಂತ ತಕ್ಷಣ ನಾಲ್ಕೈದು ಫ್ರೇಮ್ ಸತತವಾಗಿ ಹೊಡೆಯಿರಿ. ಹಾರುವಾಗಿನ ಫೋಟೋಕ್ಕೆ ಶಟರ್ ಕನಿಷ್ಠ 1/1000 ಸೆಕೆಂಡ್ ವೇಗದ್ದು ಬೇಕು.

ಫ್ಲ್ಯಾಶ್ ಹಾಕುವುದು, ಗೂಬೆ ಕೂಗಿನ ರೆಕಾರ್ಡಿಂಗ್ ಕೇಳಿಸಿ ಕರೆಯುವುದು ಎರಡೂ ಬೇಡ. ಮೈ ಸೆಟೆಸಿ, ಸಪೂರವಾಗಿ ನಿಂತು ನಿಮ್ಮನ್ನೇ ದಿಟ್ಟಿಸಿದರೆ ಅದು ಗಾಬರಿಯಾಗಿದೆ ಅಂತ ತಿಳಿದು ನಿಧಾನಕ್ಕೆ ಹಿಂದೆ ಸರಿಯಿರಿ.